ಸ್ಟ್ರಾಟಜಿ ಗೇಮ್ ಹೊಸದಾಗಿ ಕಲಿಲಿಕತ್ತೀನಿ, ಕಾಲು ತಾಸಿನಾಗ ಊರೇ ಹಾಳಾಗ್ತದ, ಎಲ್ಲಿ ತಪ್ಪಲಿಕತ್ತೀನಿ ಹೇಳ್ರಿ

ಸಿಂಧನೂರು_ಕ್ಯಾಂಪ್

ಎಲ್ಲಾರಿಗೂ ನಮಸ್ಕಾರ ರೀ. ನಾನು ಸಿಂಧನೂರು ಬಾಜೂಕಿನ ಕ್ಯಾಂಪಿನವ, ರೈಸ್ ಮಿಲ್‌ನಾಗ ಲೆಕ್ಕ ಬರೀತೀನಿ. ಹೋದ ತಿಂಗಳು ಸೋದರಮಾವನ ಮಗ ತನ್ನ ಹಳೇ ಲ್ಯಾಪ್‌ಟಾಪ್ ನನಗ ಕೊಟ್ಟು ಹೋದ, 8 ಜಿಬಿ ರ‍್ಯಾಮ್ ಅದ, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅದರಾಗ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್ ಸೇಲ್ ಬಂದಾಗ ತಗೊಂಡು ಹಾಕ್ಕೊಂಡೀನಿ, ಗ್ರಾಫಿಕ್ಸ್ ಕಡಿಮಿ ಇಟ್ರ ಚಲೋನೇ ನಡೀತದ. ಸಣ್ಣಾವ ಇದ್ದಾಗ ಸೈಬರ್ ಸೆಂಟರ್‌ನಾಗ ದೊಡ್ಡ ಹುಡುಗ್ರು ಇದನ್ನ ಆಡೋದು ಹಿಂದ ನಿಂತು ನೋಡ್ತಿದ್ದೆ, ಅವರು ಚೀಟ್ ಟೈಪ್ ಮಾಡಿ ಕಾರ್ ತರಿಸ್ತಿದ್ರು, ನನ್ನ ಹತ್ರ ತಾಸಿಗೆ ಕೊಡೋ ರೊಕ್ಕ ಇರ್ತಿದ್ದಿಲ್ಲ, ಹಂಗಾಗಿ ಒಂದಿನಾನೂ ಆಡಿದ್ದಿಲ್ಲ. ಈಗ ಚೀಟ್ ಇಲ್ಲದಂಗ ಸರಿಯಾಗಿ ಕಲೀಬೇಕು ಅಂತ ಬಾಳ ಆಸೆ ಅದ.

ಆದ್ರ ಆಗವಲ್ದು ರೀ. ಮೊಬೈಲ್‌ನಾಗ ಗುಂಡು ಹೊಡಿಯೋ ಗೇಮ್ ಆಡಿ ರೂಢಿ ಅದ, ಅಲ್ಲಿ ಒಬ್ಬನ್ನ ನೋಡ್ಕೊಂಡ್ರ ಸಾಕು. ಇಲ್ಲಿ ಒಂದು ಕಡೆ ಕುರಿ ಕಡೀಬೇಕು, ಒಂದು ಕಡೆ ಕಟ್ಟಿಗಿ, ಒಂದು ಕಡೆ ಮನಿ ಕಟ್ಟಬೇಕು, ಅಷ್ಟರಾಗ ಕೊಂಬು ಊದ್ತದ, ನೋಡಿದ್ರ ಕಂಪ್ಯೂಟರ್ ದಂಡು ಬಂದು ಹೊಲದಾಗ ನಿಂತಿರ್ತದ. ಮಾಡರೇಟ್ ಲೆವೆಲ್ ಇಟ್ಟು ಒಂಬತ್ತು ಆಟ ಆಡೀನಿ, ಒಂಬತ್ತೂ ಸೋತೀನಿ. ನಿನ್ನೆ ಹತ್ತು ನಿಮಿಷಕ್ಕ ಆಟ ನಿಲ್ಲಿಸಿ ಎಣಿಸಿದೆ, 14 ವಿಲೇಜರ್ ಅಂದ್ರ ದುಡಿಯೋ ಜನ, 5 ಜನ ಸೈನಿಕರು, ಎರಡು ಕಡೆ ಗೋಡಿ. ಸೈನಿಕರು ಕಡಿಮಿ ಆದ್ರು ಅಂತ ನನಗ ಅನಸ್ತದ. ಎಷ್ಟು ಜನ ಸೈನಿಕರು ಬೇಕು, ಯಾವಾಗ ಮಾಡಬೇಕು, ತಿಳದೋರು ಹೇಳ್ರಿ.

ಜೀನ್ಸ್_ಮೇಸ್ತ್ರಿ

ತಮ್ಮಾ, ಸೈನಿಕರು ಕಡಿಮೆ ಅಲ್ಲ, ಜನ ಕಡಿಮೆ. ಲೆಕ್ಕ ಬರಿಯೋನು ಅಂತೀಯ, ಲೆಕ್ಕದಲ್ಲೇ ಹೇಳ್ತೀನಿ ನೋಡು.

ಆಟ ಶುರು ಆದಾಗ ನಿನ್ನ ಕೈಯಾಗೆ 3 ವಿಲೇಜರ್, ಒಬ್ಬ ಕುದುರೆಯವನು ಇರ್ತಾನೆ. ಒಬ್ಬ ವಿಲೇಜರ್ ಮಾಡಾಕೆ 50 ಆಹಾರ, 25 ಸೆಕೆಂಡ್. ಹತ್ತು ನಿಮಿಷ ಅಂದ್ರೆ 600 ಸೆಕೆಂಡ್, ವಿಲೇಜರ್ ಹುಟ್ಟೋ ಊರ ನಡುವಿನ ಕಟ್ಟಡ, ಅಂದ್ರೆ ಟೌನ್ ಸೆಂಟರ್, ಒಂದು ಸೆಕೆಂಡೂ ನಿಲ್ಲದೆ ನಡೆದ್ರೆ 24 ಜನ ಹುಟ್ಟಬೇಕು. ನಿನ್ನತ್ರ ಇದ್ದದ್ದು 14, ಅದ್ರಾಗೆ 3 ಮೊದಲೇ ಕೊಟ್ಟಿದ್ದು, ಅಂದ್ರೆ ನೀನು ಮಾಡಿದ್ದು 11. 11 ಅನ್ನ 25ರಿಂದ ಗುಣಿಸು, 275 ಸೆಕೆಂಡ್. ಉಳಿದ 325 ಸೆಕೆಂಡ್ ನಿನ್ನ ಟೌನ್ ಸೆಂಟರ್ ಸುಮ್ನೆ ನಿಂತೈತೆ. ಹತ್ತು ನಿಮಿಷದಾಗೆ ಐದೂವರೆ ನಿಮಿಷ ಊರು ನಿದ್ದೆ ಮಾಡಿದ್ರೆ ಯಾವ ಸೈನ್ಯ ತಾನೇ ಕಾಯ್ತದೆ?

ನಾನು ಬಳ್ಳಾರಿ ಕೌಲ್‌ಬಜಾರ್ ಕಡೆ ಜೀನ್ಸ್ ಯೂನಿಟ್‌ನಲ್ಲಿ ಮೇಸ್ತ್ರಿ ಕೆಲಸ ಮಾಡ್ತೀನಿ. ನಮ್ಮಲ್ಲಿ ಒಂದು ಸಾಲಿನಾಗೆ ಜೇಬು ಹಚ್ಚೋ ಮಷಿನ್ ಹತ್ತು ನಿಮಿಷ ನಿಂತ್ರೆ ಮುಂದಿನ ಮಷಿನ್ನೋರೂ ಕೈಕಟ್ಟಿ ಕೂತ್ಕೋತಾರೆ, ಸಂಜೆ ಎಣಿಸಿದಾಗ ನೂರು ಪ್ಯಾಂಟ್ ಆಗೋ ಕಡೆ ಅರವತ್ತು ಆಗಿರ್ತಾವೆ. ನಿಂತಿದ್ದು ಒಂದೇ ಮಷಿನ್ನು, ನಷ್ಟ ಮಾತ್ರ ಇಡೀ ಸಾಲಿಗೆ. ಹಂಗೇ ಮೂರನೇ ನಿಮಿಷದಾಗೆ ನೀನು ಮಾಡದೆ ಬಿಟ್ಟ ಒಬ್ಬ ವಿಲೇಜರ್, ಹದಿನೈದನೇ ನಿಮಿಷದ ತನಕ ತರಬೇಕಾಗಿದ್ದ ಕಟ್ಟಿಗೆ ಎಷ್ಟು ಅಂತ ನೀನೇ ಲೆಕ್ಕ ಹಾಕ್ಕೋ.

ಒಂದು ವಾರ ಯುದ್ಧ ಮರೆತುಬಿಡು. ಸೋತ್ರೂ ಪರವಾಗಿಲ್ಲ. ಬರೀ ಟೌನ್ ಸೆಂಟರ್ ನಿಲ್ಲಬಾರದು, ಅದೊಂದೇ ನೋಡ್ಕೋ. ಹತ್ತು ನಿಮಿಷಕ್ಕೆ ಎಷ್ಟು ಜನ ಅಂತ ಪ್ರತಿ ಆಟಕ್ಕೂ ಬರ್ಕೊ.

ಸಿಂಧನೂರು_ಕ್ಯಾಂಪ್

ಅಣ್ಣಾ 325 ಸೆಕೆಂಡ್ ಓದಿ ಎದಿ ಝಲ್ ಅಂತು. ಹಿಂಗ ಯಾರೂ ಹೇಳಿದ್ದಿಲ್ಲ. ಆದ್ರ ಮಾಡ್ಲಿಕ್ಕೆ ಹೋದ್ರ ಆಹಾರ ಇರಂಗಿಲ್ಲ, ಆಹಾರ ಇದ್ದಾಗ ಮನಿ ಇಲ್ಲ ಅಂತದ, ಮನಿ ಕಟ್ಟಲಿಕ್ಕೆ ಹೋದ್ರ ಕಟ್ಟಿಗಿ ಇರಂಗಿಲ್ಲ.

ಗಂಗಾವತಿ_ಟೀಚರ್

ಅದು ಎಲ್ಲಾರಿಗೂ ಆಗೋದ ಐತಿ ತಮ್ಮಾ, ಹೆದರಬ್ಯಾಡ. ನಾನು ಪ್ರೈಮರಿ ಸಾಲಿ ಟೀಚರ್, ಲಾಕ್‌ಡೌನ್‌ನಾಗ ನನ್ನ ಮಗನ ಸಂಗಾಟ ಕೂತು ಕಲತೀನಿ, ಈಗ ಅವನಕಿಂತ ನಾನ ಜಾಸ್ತಿ ಆಡ್ತೀನಿ. ಮಕ್ಕಳಿಗೆ ಮಗ್ಗಿ ಕಲಿಸಿದಂಗ ಹೇಳ್ತೀನಿ.

ಮನಿ ವಿಷಯ ಮೊದಲು. ಒಂದು ಮನಿಗೆ 25 ಕಟ್ಟಿಗಿ, ಐದು ಜನ ಹಿಡಿತಾರ. 25 ಸೆಕೆಂಡಿಗೆ ಒಬ್ಬ ಹುಟ್ಟಿದ್ರ ಐದು ಜನಕ್ಕ 125 ಸೆಕೆಂಡ್. ಅಂದ್ರ ಎರಡು ನಿಮಿಷಕ್ಕೊಂದು ಮನಿ ಕಟ್ಟಿದ್ರ ಯಾವತ್ತೂ ಅಡ್ಡಿ ಬರಂಗಿಲ್ಲ. ಶುರುವಿನಾಗ ನಿನಗ ಟೌನ್ ಸೆಂಟರ್ ಐದು ಜನರ ಜಾಗ ಕೊಟ್ಟಿರ್ತದ, ನಾಲ್ಕು ಜನ ಆಗಲೇ ಅದಾರ, ಅದಕ ಮೊದಲ ಕ್ಷಣಕ್ಕ ಎರಡು ಮನಿ ಕಟ್ಟಸ್ಬೇಕು, ಇಬ್ಬರು ಒಂದು, ಒಬ್ಬ ಒಂದು. ಆಮ್ಯಾಲ ಕುರಿಗೆ ಬಾ ಅಂತ ಶಿಫ್ಟ್ ಒತ್ತಿ ಹೇಳಿಬಿಡು, ಮನಿ ಮುಗಿಸಿ ತಾವ ಬರ್ತಾರ.

ಇನ್ನ ಕೈ. ನೀನು ಮೌಸ್ ಹಿಡ್ಕೊಂಡು ಟೌನ್ ಸೆಂಟರ್ ಹುಡುಕ್ತಿ ಅಂತ ಕಾಣಸ್ತದ. ಹುಡುಕಬ್ಯಾಡ. ಎಚ್ ಒತ್ತಿದ್ರ ಟೌನ್ ಸೆಂಟರ್, ಕ್ಯೂ ಒತ್ತಿದ್ರ ವಿಲೇಜರ್. ಎಲ್ಲೇ ಇರು, ಏನೇ ಮಾಡು, ಎಚ್ ಕ್ಯೂ, ಎಚ್ ಕ್ಯೂ. ಕೀಬೋರ್ಡಿನಾಗ ಚುಕ್ಕಿ ಒತ್ತಿದ್ರ ಕೆಲಸ ಇಲ್ಲದ ವಿಲೇಜರ್ ಸಿಗ್ತಾನ. ಇವ ಮೂರು ಕೀ ಬೆರಳಿಗೆ ಬರಬೇಕು, ಉಳಿದದ್ದು ಆಮ್ಯಾಲ.

ಇನ್ನೊಂದು ಭಾಳ ಮುಖ್ಯ ಮಾತು. ಸ್ಪೀಡ್ ಕಡಿಮಿ ಮಾಡ್ಕೊ. ನಾರ್ಮಲ್ ಅಂದ್ರ ಈ ಗೇಮ್‌ನಾಗ 1.7 ಪಟ್ಟು ಐತಿ, ಗೇಮಿನ 25 ಸೆಕೆಂಡ್ ನಮ್ಮ ಗಡಿಯಾರದಾಗ ಬರೀ 15 ಸೆಕೆಂಡ್. ಕಂಪ್ಯೂಟರ್ ಕೂಡ ಒಬ್ಬನ ಆಡೋವಾಗ ಸ್ಲೋ ಅಂತ ಇಟ್ರ 1.0ಕ್ಕ ನಡೀತದ. ಸೈಕಲ್ ಕಲಿಯೋ ಹುಡುಗನ್ನ ಇಳಿಜಾರಿಗೆ ಬಿಡ್ತಾರೇನು? ಸ್ಲೋ ಇಟ್ಟು ಎಲ್ಲಾ ಸರಿ ಮಾಡಾಕ ಕಲಿ, ಎರಡು ವಾರಕ್ಕ ನಿನಗ ಬ್ಯಾಸರ ಬಂದು ನೀನ ಜೋರ್ ಮಾಡ್ಕೋತಿ.

ರಾಯಚೂರು_ಬಿಸಿಲು

ಟೀಚರ್ ಹೇಳಿದ್ದು ಸರಿ ಅದ ಆದ್ರ ನಾನು ಸ್ವಲ್ಪ ಬ್ಯಾರೆ ಹೇಳ್ತೀನಿ. ಸ್ಲೋ ಆಡಿ ಆಡಿ ಅದೇ ರೂಢಿ ಆಗ್ತದ, ಆಮ್ಯಾಲ ಮನುಷ್ಯಾರ ಜೋಡಿ ಆಡ್ಲಿಕ್ಕೆ ಹೋದ್ರ ಕೈ ನಡುಗ್ತಾವ. ನನಗ ಹಂಗೇ ಆಗ್ಯದ, ಎರಡು ವರ್ಷ ಬರೀ ಕಂಪ್ಯೂಟರ್ ಜೋಡಿ ಆಡಿ ಮನುಷ್ಯಾರ ಜೋಡಿ ಅಂಕಕ್ಕ ಆಡೋ ರ‍್ಯಾಂಕ್ಡ್‌ಗೆ ಹೋದಾಗ ಮೊದಲ ಹನ್ನೆರಡು ಆಟ ಸೋತೆ. ಅಲ್ಲಿ ಹೊಸಬ್ರಿಗೆ 1000 ಅಂಕ ಕೊಟ್ಟು ಕೂಡಿಸ್ತಾರ, ಚೆಸ್‌ನಾಗಿನ ಈಲೋ ಲೆಕ್ಕನೇ ಅದು, ಸೋತಂಗ ಇಳೀತದ, ಇಳಿದು ನಿನ್ನಂಗೇ ಆಡೋರು ಸಿಗೋ ಕಡೆ ನಿಲ್ತದ. ಹಂಗಾಗಿ ಲಗೂನೇ ಹೋಗಿ ಸೋತು ಬರೋದು ಚಲೋ, ಸೋತ್ರ ಏನೂ ಕಳಕೊಳ್ಳಂಗಿಲ್ಲ.

ಮತ್ತ ಬಿಲ್ಡ್ ಆರ್ಡರ್, ಅಂದ್ರ ಯಾರನ್ನ ಯಾವಾಗ ಯಾವ ಕೆಲಸಕ್ಕ ಹಚ್ಚಬೇಕು ಅನ್ನೋ ಪಟ್ಟಿ, ಬಾಯಿಪಾಠ ಮಾಡು. ಮೊದಲ ಆರು ಜನ ಕುರಿ ಮ್ಯಾಲ, ಮುಂದಿನ ನಾಲ್ಕು ಜನ ಕಟ್ಟಿಗಿಗೆ, ಆಮ್ಯಾಲ ಒಬ್ಬ ಹಂದಿ ತರ್ಲಿಕ್ಕೆ, ಆಮ್ಯಾಲ ಬೆರ್ರಿ ಹಣ್ಣಿನ ಬಾಜೂಕ ಮಿಲ್, ಅಂದ್ರ ಆಹಾರ ತಂದು ಹಾಕೋ ಕಟ್ಟಡ. ಇಷ್ಟು ಮಾಡಿದ್ರ ಮೊದಲ ಐದು ನಿಮಿಷ ತಲಿ ಕೆಡಸ್ಕೊಳ್ಳೋ ಕೆಲಸ ಇಲ್ಲ.

ಜೀನ್ಸ್_ಮೇಸ್ತ್ರಿ

ಬಾಯಿಪಾಠ ಮಾಡಲಿ, ಬ್ಯಾಡ ಅನ್ನಲ್ಲ, ಆದ್ರೆ ಆರು ಜನ ಯಾಕೆ ಅಂತ ಗೊತ್ತಿರಬೇಕಲ್ಲ. ಕುರಿ ಮೇಲೆ ಇರೋ ಒಬ್ಬ ಮನುಷ್ಯ ಸೆಕೆಂಡಿಗೆ ಸುಮಾರು 0.33 ಆಹಾರ ತರ್ತಾನೆ. ಆರು ಜನ ಅಂದ್ರೆ ಸೆಕೆಂಡಿಗೆ ಸುಮಾರು 2. ವಿಲೇಜರ್‌ಗೆ 25 ಸೆಕೆಂಡಿಗೆ 50 ಬೇಕು, ಅದೂ ಸೆಕೆಂಡಿಗೆ 2. ಆರು ಜನ ಕುರಿ ಮೇಲೆ ಇದ್ರೆ ಟೌನ್ ಸೆಂಟರ್ ಒಲೆ ಆರಲ್ಲ, ಸರಿಯಾಗಿ ಅಷ್ಟಕ್ಕೇ ಆಗ್ತದೆ. ಈ ಲೆಕ್ಕ ತಿಳಿದೋನು ಕುರಿ ಸಿಗದೇ ಇದ್ರೂ ಬೇರೆ ದಾರಿ ಹುಡುಕ್ತಾನೆ, ಬಾಯಿಪಾಠದೋನು ಅಲ್ಲೇ ನಿಂತುಬಿಡ್ತಾನೆ.

ಸಿಂಧನೂರು_ಕ್ಯಾಂಪ್

ಅಯ್ಯೋ ಅಣ್ಣಾ ಇದು ನಮ್ಮ ಮಿಲ್ ಲೆಕ್ಕನೇ ಆತು. ಗಂಟೆಗೆ ಎಷ್ಟು ಕ್ವಿಂಟಲ್ ಭತ್ತ ಒಳಗ ಹೋಗ್ತದ, ಎಷ್ಟು ಅಕ್ಕಿ ಹೊರಗ ಬರ್ತದ ಅನ್ನೋದು. ಈಗ ತಿಳೀತು. ಹಂದಿ ವಿಷಯ ಸ್ವಲ್ಪ ಹೇಳ್ರಿ, ನನ್ನ ವಿಲೇಜರ್‌ನ ಪ್ರತಿ ಸಲ ಕೊಂದು ಹಾಕ್ತದ.

ರಾಯಚೂರು_ಬಿಸಿಲು

ಹಂದಿ ಅಂದ್ರ 340 ಆಹಾರ, ಮೂರು ಕುರಿಗಿಂತ ಜಾಸ್ತಿ, ಬಿಡ್ಲಿಕ್ಕೆ ಬರಂಗಿಲ್ಲ. ಒಬ್ಬ ವಿಲೇಜರ್‌ಗೆ 25 ಪ್ರಾಣ ಇರ್ತದ, ಹಂದಿಗೆ 75. ಒಬ್ಬನೇ ನಿಂತು ಬಡದಾಡಿದ್ರ ಸಾಯೋದೇ. ಏನು ಮಾಡಬೇಕಂದ್ರ, ಒಬ್ಬನ್ನ ಕಳಸಿ ಒಂದು ಬಾಣ ಬಿಡಿಸು, ಹಂದಿ ತಿರುಗಿತು ಅಂತ ಕಂಡ ಕೂಡ್ಲೇ ಟೌನ್ ಸೆಂಟರ್ ಕಡೆ ಓಡಿಸು. ಹಿಂದ ಬೆನ್ನ ಹತ್ತಿ ಬರ್ತದ. ಅವನು ಟೌನ್ ಸೆಂಟರ್ ಬುಡಕ್ಕ ಬಂದಾಗ ಕುರಿ ಮ್ಯಾಲ ಇರೋ ಆರೂ ಜನರನ್ನ ಹಿಡಿದು ಹಂದಿ ಮ್ಯಾಲ ಬಿಡು, ಲಗೂನೇ ಬೀಳ್ತದ. ಓಡಿ ಬಂದವ ಬಾಳ ಪೆಟ್ಟು ತಿಂದಿದ್ರ ಟೌನ್ ಸೆಂಟರ್ ಒಳಗ ಹೋಗಲಿ. ಮೊದಲೇ ಟೌನ್ ಸೆಂಟರ್‌ನಾಗ ಲೂಮ್ ಅನ್ನೋ ಸುಧಾರಣಿ ಮಾಡಿದ್ರ, 50 ಬಂಗಾರ ಅಷ್ಟೇ, ವಿಲೇಜರ್‌ಗೆ 15 ಪ್ರಾಣ ಜಾಸ್ತಿ ಆಗ್ತದ, ಹೊಸಬ್ರು ಅದನ್ನ ಮಾಡೇ ಹಂದಿಗೆ ಹೋಗೋದು ಒಳ್ಳೇದು.

ಒಂದು ಎಚ್ಚರ ಇರಲಿ. ಹಂದಿ ಟೌನ್ ಸೆಂಟರ್ ಬಾಜೂಕೇ ಬೀಳಬೇಕು, ದೂರ ಬಿದ್ರ ಹೊತ್ತು ತರೋದ್ರಾಗೇ ಟೈಮ್ ಹೋಗ್ತದ. ಮತ್ತ ಕುರಿ ಎಲ್ಲಾ ಒಮ್ಮೆ ಕಡೀಬ್ಯಾಡ, ಸತ್ತ ಮ್ಯಾಲ ಮಾಂಸ ತಾನಾಗೇ ಕರಗ್ತಾ ಹೋಗ್ತದ, ಒಂದು ಮುಗಿದ ಮ್ಯಾಲ ಒಂದು.

ಕೊಪ್ಪಳ_ಕೋಟೆ

ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ರೊಕ್ಕ ಕೊಟ್ಟು ಗೇಮ್ ತಗೊಳ್ಳಾಕ ಆಗದೋರು ಇದನ್ನ ಓದ್ತಿದ್ರ ಅವರಿಗೊಂದು ಮಾತು. 0 ಎ.ಡಿ. ಅಂತ ಐತಿ, ಪೂರ್ತಿ ಫ್ರೀ, ಓಪನ್ ಸೋರ್ಸ್, ವೈಲ್ಡ್‌ಫೈರ್ ಗೇಮ್ಸ್ ಅಂತ ಸ್ವಯಂಸೇವಕರ ತಂಡ ಮಾಡೇತಿ, ವಿಂಡೋಸ್‌ನಾಗೂ ನಡೀತದ ಲಿನಕ್ಸ್‌ನಾಗೂ ನಡೀತದ. ನಾನು ಅದರಾಗ ಕಲತೀನಿ. ಮೌರ್ಯರು ಅದಾರ, ಆನಿ ಅದಾವ. ಅಲ್ಲಿ ಸೈನಿಕರೂ ಕಟ್ಟಿಗಿ ಕಡಿತಾರ, ಕಲ್ಲು ಒಡಿತಾರ, ಯುದ್ಧ ಬಂದ್ರ ಅಲ್ಲಿಂದ ಎದ್ದು ಹೋಗ್ತಾರ, ನಮ್ಮ ಹಳೇ ಕಾಲದ ಪಾಳೇಗಾರರ ಊರಾಗ ಇದ್ದಂಗ, ಹೊಲದಾಗ ಇದ್ದವನ ಕತ್ತಿ ಹಿಡೀತಿದ್ದ. ಹೊಸಬರಿಗೆ ಅದು ಹಗುರ ಆಗ್ತದ ಅಂತ ನನ್ನ ಅನಿಸಿಕಿ, ಯಾಕಂದ್ರ ದಂಡು ಯಾವಾಗ ಮಾಡಬೇಕು ದುಡಿಯೋರು ಯಾವಾಗ ಅನ್ನೋ ಗೊಂದಲ ಅರ್ಧ ಕಡಿಮಿ. ಸ್ಟಾರ್‌ಕ್ರಾಫ್ಟ್ 2 ಕೂಡ 2017ರ ನವೆಂಬರ್‌ನಿಂದ ಫ್ರೀ ಐತಿ, ಮೊದಲ ಕಥಿ ಪೂರ್ತಿ ಆಡಬಹುದು.

ರಾಯಚೂರು_ಬಿಸಿಲು

ಸ್ಟಾರ್‌ಕ್ರಾಫ್ಟ್ ಹೊಸಬ್ರಿಗೆ ಬಾಳ ಜೋರು ಆಗ್ತದ ರೀ. ಶುರುವಿಗೇ 12 ಜನ ಕೆಲಸದವ್ರು ಕೊಡ್ತಾರ, ಒಂದು ಕ್ಷಣ ಬ್ಯಾರೆ ಕಡೆ ನೋಡಿದ್ರ ಇಡೀ ದಂಡು ಹೋಗಿರ್ತದ. ನಾನು ಆಡ್ತೀನಿ, ನನಗ ಬಾಳ ಪ್ರೀತಿ ಅದ ಅದರ ಮ್ಯಾಲ, ಆದ್ರ ಮೊದಲ ಗೇಮ್ ಅಂತ ಹೇಳಂಗಿಲ್ಲ. ಆದ್ರ ಅದರ ಕಥಿ ಭಾಗ ಮಾತ್ರ ಯಾರು ಬೇಕಾದ್ರೂ ಆಡಬಹುದು, ಒಂದೊಂದು ಮಿಷನ್‌ಗೆ ಒಂದೊಂದು ಸೈನಿಕನ್ನ ಪರಿಚಯ ಮಾಡ್ತಾ ಹೋಗ್ತಾರ, ಹೊಸಾ ಊರಿಗೆ ಹೋದಾಗ ಒಬ್ಬೊಬ್ಬರನ್ನೇ ಪರಿಚಯ ಮಾಡಿಸಿದಂಗ.

ಗಂಗಾವತಿ_ಟೀಚರ್

ಕೋಟೆ ಅವರ, ನೀವು ಹೇಳಿದ್ದು ಒಳ್ಳೇದು, ನಮ್ಮ ಸಾಲಿ ಹುಡುಗ್ರಿಗೂ ಹೇಳ್ತೀನಿ. ಆದ್ರ ಈ ತಮ್ಮ ರೊಕ್ಕ ಕೊಟ್ಟು ತಗೊಂಡಾನ, ಈಗ ಗೇಮ್ ಬದಲು ಮಾಡಬ್ಯಾಡ ಅಂತೀನಿ. ಒಂದನ್ನ ಹಿಡಿದು ಕೂತ್ರ ಅದ ಬರ್ತದ. ತಮ್ಮಾ ಅದರಾಗ ಆರ್ಟ್ ಆಫ್ ವಾರ್ ಅಂತ ಸಣ್ಣ ಸಣ್ಣ ಪರೀಕ್ಷಿ ಅದಾವ, ಕಂಚು ಬೆಳ್ಳಿ ಬಂಗಾರ ಪದಕ ಕೊಡ್ತಾರ, ಅರ್ಲಿ ಎಕಾನಮಿ ಅನ್ನೋದನ್ನ ದಿನಾ ಒಂದ್ಸಲ ಮಾಡು. ವಿಲಿಯಂ ವ್ಯಾಲೇಸ್ ಕಥಿನೂ ಕಲಿಯೋರಿಗಂತ ಮಾಡಿದ್ದ.

ಸಿಂಧನೂರು_ಕ್ಯಾಂಪ್ (ಎಂಟು ದಿನದ ನಂತರ)

ಅಣ್ಣಾರ, ಅಕ್ಕಾರ, ಲೆಕ್ಕ ಒಪ್ಪಸ್ಲಿಕ್ಕೆ ಬಂದೀನಿ. ಮಿಲ್‌ನಾಗಿನ ಹಳೇ ನೋಟ್‌ಬುಕ್‌ನಾಗ ಬರ್ಕೊಂಡೀನಿ. ಹತ್ತು ನಿಮಿಷಕ್ಕ ವಿಲೇಜರ್: ಸೋಮವಾರ 15, ಮಂಗಳವಾರ 16, ಬುಧವಾರ ಕರೆಂಟ್ ಇದ್ದಿಲ್ಲ, ಗುರುವಾರ 18, ಶುಕ್ರವಾರ 17, ಹಂದಿ ಇಬ್ಬರನ್ನ ಕೊಂತು, ಶನಿವಾರ 20, ನಿನ್ನೆ 21. ಸ್ಲೋ ಇಟ್ಟೇ ಆಡೀನಿ. 18 ಜನ ಮಾಡೀನಿ ಅಂದ್ರ 450 ಸೆಕೆಂಡ್, ಲೂಮ್‌ಗೆ 25 ಹೋತು, ಉಳಿದದ್ದು 125. ಇನ್ನೂ ಎರಡು ನಿಮಿಷ ನಿಂತದ ಆದ್ರ ಐದೂವರೆಯಿಂದ ಎರಡಕ್ಕ ಬಂದೀನಿ.

ಶನಿವಾರ ಹಂದಿ ಬಂದು ಟೌನ್ ಸೆಂಟರ್ ಬುಡಕ್ಕೇ ಬಿತ್ತು ರೀ. ಆರೂ ಜನ ಸುತ್ತ ನಿಂತು ಕಡೀಲಿಕತ್ತಿದ್ರು, ನಾನು ಕೈ ಬಿಟ್ಟು ಸುಮ್ಮನ ನೋಡ್ಕೋತ ಕೂತೆ, ಅಷ್ಟು ಖುಷಿ ಆತು. ಅವ್ವ ಬಂದು ಏನು ಒಬ್ಬನೇ ನಗ್ತಿ ಅಂದ್ಳು.

ಇಲ್ಲಿ ಬಿಸಿಲಿಗೆ ಲ್ಯಾಪ್‌ಟಾಪ್ ಹಂಚಿನಂಗ ಕಾಯ್ತದ, ಹಂಗಾಗಿ ಎರಡು ಹಲಗಿ ಮ್ಯಾಲ ಇಟ್ಟು ಬುಡಕ್ಕ ಗಾಳಿ ಆಡಂಗ ಮಾಡೀನಿ, ರಾತ್ರಿ ಹತ್ತರ ಮ್ಯಾಲೇ ಆಡ್ತೀನಿ.

ಈಗ ಹೊಸ ತೊಂದ್ರಿ. ಜನ ಅದಾರ, ಆದ್ರೂ ಸೋಲ್ತೀನಿ. ನಿನ್ನೆ ಇಪ್ಪತ್ತು ನಿಮಿಷ ನಿಂತೆ, ಆಮ್ಯಾಲ ಬಿಲ್ಲಿನವ್ರು ಬಂದು ಎಲ್ಲಾರನ್ನೂ ಹೊಡದ್ರು. ಸೋತಾಗ ನೋಡಿದ್ರ ನನ್ನ ಹತ್ರ 940 ಕಟ್ಟಿಗಿ, 600 ಆಹಾರ ಹಂಗೇ ಇತ್ತು.

ಜೀನ್ಸ್_ಮೇಸ್ತ್ರಿ

ಬಲೇ ತಮ್ಮಾ! ಎಂಟೇ ದಿನದಾಗೆ ಇಷ್ಟು ಅಂದ್ರೆ ಭಾಳ ಆತು. ಬುಕ್ಕಿನಾಗೆ ಬರ್ಕೊಂಡಿದ್ದು ನೋಡಿ ನಂಗೆ ನಿಜವಾಗ್ಲೂ ಹೆಮ್ಮೆ ಆತು.

ಎರಡನೇ ಪಾಠ ನಿನ್ನ ಕೊನೇ ಸಾಲಿನಾಗೇ ಐತೆ. 940 ಕಟ್ಟಿಗೆ. ನಮ್ಮ ಯೂನಿಟ್ ಗೋಡೌನಿನಾಗೆ ಬಟ್ಟೆ ಥಾನು ರಾಶಿ ಬಿದ್ದಿದ್ರೆ ಮಾಲೀಕ ಖುಷಿ ಪಡಲ್ಲ, ದುಡ್ಡು ಕೊಳೀತೈತೆ ಅಂತಾನೆ. ಗೇಮ್‌ನಾಗೂ ಅಂಗೇ, ಕೂಡಿಟ್ಟ ಕಟ್ಟಿಗೆ ಕೊನೆಗೆ ಯಾರಿಗೂ ಮಾರ್ಕು ಕೊಡಲ್ಲ. 940 ಕಟ್ಟಿಗೆ, 600 ಆಹಾರ ಅಂದ್ರೆ ಎಷ್ಟು ಅಂತ ನೋಡು. ಬಿಲ್ಲಿನೋರನ್ನ ಹೊಡಿಯೋ ಸ್ಕರ್ಮಿಷರ್ ಅನ್ನೋ ಸೈನಿಕ ಒಬ್ಬನಿಗೆ 25 ಆಹಾರ 35 ಕಟ್ಟಿಗೆ. 24 ಜನ ಆಗ್ತಿದ್ರು, ಅವರ ಬಿಲ್ಲಿನೋರು ನಿಂತಲ್ಲೇ ಮುಗೀತಿದ್ರು. ನೀನು ಬಡವ ಆಗಿ ಸೋತಿಲ್ಲ, ಸಾಹುಕಾರ ಆಗಿ ಸೋತಿದ್ದೀಯ.

ಕೂಡ್ತಾ ಐತೆ ಅಂತ ಕಂಡ್ರೆ ಸೈನಿಕರನ್ನ ಮಾಡೋ ಕಟ್ಟಡ, ಬ್ಯಾರಕ್ಸೋ ಆರ್ಚರಿ ರೇಂಜೋ, ಇನ್ನೊಂದು ಕಟ್ಟು. ಒಂದೇ ಮನೆಯಿಂದ ಇಪ್ಪತ್ತು ಜನ ಹೊರಗೆ ಬರೋ ತನಕ ಯುದ್ಧ ಮುಗಿದಿರ್ತೈತೆ, ಎರಡು ಮೂರು ಇದ್ರೆ ಒಟ್ಟಿಗೆ ಬರ್ತಾರೆ. ಮತ್ತೆ ಕಟ್ಟಿಗೆ ಜಾಸ್ತಿ ಆತು ಅಂದ್ರೆ ಹೊಲ ಹಾಕು, ಒಂದಕ್ಕೆ 60. ಕುರಿ ಹಂದಿ ಮುಗಿದ ಮೇಲೆ ಹೊಲ ಬಿಟ್ರೆ ಗತಿ ಇಲ್ಲ. ಹೊಲ ತಾನೇ ಮತ್ತೆ ಬಿತ್ತೋ ಹಂಗೆ ಒಂದು ಬಟನ್ ಐತೆ, ಅದನ್ನ ಆನ್ ಮಾಡಿಕೋ.

ಗಂಗಾವತಿ_ಟೀಚರ್

ಮೇಸ್ತ್ರಿ ಅಣ್ಣಾರು ಖರ್ಚು ಹೇಳಿದ್ರು, ನಾನು ಕಣ್ಣು ಹೇಳ್ತೀನಿ. ತಮ್ಮಾ, ಬಿಲ್ಲಿನವರು ಬರ್ತಾರಂತ ನಿನಗ ಮೊದಲ ಗೊತ್ತಿತ್ತೇನು? ಇಲ್ಲ. ಯಾಕಂದ್ರ ನಿನ್ನ ಕುದುರಿಯವನು ಎಲ್ಲೋ ಮೂಲಿಯಾಗ ನಿಂತಿರ್ತಾನ. ಶುರುವಿಗೆ ಅವನು ಕುರಿ ಹುಡುಕಬೇಕು, ನಾಲ್ಕು ಹತ್ರನ ಇರ್ತಾವ, ಇನ್ನ ಎರಡು ಎರಡು ಸ್ವಲ್ಪ ದೂರ. ಅದಾದ ಮ್ಯಾಲ ವೈರಿ ಊರಿಗೆ ಹೋಗಿ ಹೊರಗಿಂದ ಇಣುಕಿ ಬರಬೇಕು. ಆರ್ಚರಿ ರೇಂಜ್ ಕಂಡ್ರ ಬಿಲ್ಲಿನವರು ಬರ್ತಾರ, ಸ್ಟೇಬಲ್ ಕಂಡ್ರ ಕುದುರಿ ಬರ್ತಾವ. ಮಂಜು ಮುಸುಕಿದ ಆ ಕರೀ ಜಾಗದಾಗ ಏನೈತಿ ಅಂತ ಗೊತ್ತಿಲ್ಲದ ದಂಡು ಮಾಡೋದು, ಪ್ರಶ್ನಿ ಓದದ ಉತ್ತರ ಬರದಂಗ.

ಯಾರು ಯಾರಿಗೆ ಅನ್ನೋದು ಮೊದಲು ಇಷ್ಟ ಸಾಕು. ಕುದುರಿಗೆ ಈಟಿಯವರು, 35 ಆಹಾರ 25 ಕಟ್ಟಿಗಿ, ಬಂಗಾರ ಬೇಕಿಲ್ಲ. ಬಿಲ್ಲಿನವರಿಗೆ ಸ್ಕರ್ಮಿಷರ್, ಅದಕ್ಕೂ ಬಂಗಾರ ಬೇಕಿಲ್ಲ. ಈಟಿಯವರಿಗೆ ಬಿಲ್ಲಿನವರು. ಸ್ಕರ್ಮಿಷರ್‌ಗೆ ಕುದುರಿ. ಅಂದ್ರ ವೈರಿ 75 ಬಂಗಾರ ಕೊಟ್ಟು ಒಬ್ಬ ನೈಟ್, ಅಂದ್ರ ಕವಚದ ಕುದುರಿ ಸೈನಿಕನ್ನ, ಮಾಡಿ ಕಳಸಿದ್ರ ನೀನು ಬಂಗಾರ ಇಲ್ಲದ ಈಟಿಯವರಿಂದ ತಡಿಬಹುದು. ಹೊಸಬರಿಗೆ ಇದರಷ್ಟು ಧೈರ್ಯ ಕೊಡೋದು ಇನ್ನೊಂದಿಲ್ಲ ಅಂತ ನನ್ನ ಮಾತು.

ಸಿಂಧನೂರು_ಕ್ಯಾಂಪ್

ಅಕ್ಕಾ ಇದನ್ನ ಬರದು ಗೋಡಿಗೆ ಹಚ್ಚೀನಿ. ಇನ್ನೊಂದು ಪ್ರಶ್ನಿ ಅದ, ನಾನು ಗೇಮಿನ ಜನಾಂಗದಾಗ ದ್ರಾವಿಡಿಯನ್ಸ್ ತಗೊಂಡು ಆಡ್ತೀನಿ, ನಮ್ಮ ಕಡೆಯವರು ಅಂತ. ಅದು ತಪ್ಪಾ?

ರಾಯಚೂರು_ಬಿಸಿಲು

ತಪ್ಪಲ್ಲ, ಆದ್ರ ಕಷ್ಟ. 2022ರಾಗ ಡೈನಾಸ್ಟೀಸ್ ಆಫ್ ಇಂಡಿಯಾ ಅಂತ ಗೇಮಿಗೆ ಹೆಚ್ಚುವರಿ ಭಾಗ ಬಂತಲ್ಲ, ಅದರಾಗ ಬಂಗಾಳಿ, ಗುರ್ಜರ, ದ್ರಾವಿಡ ಮೂರು ಹೊಸಾವು ಬಂದ್ವು, ಮೊದಲಿದ್ದ ಇಂಡಿಯನ್ಸ್‌ಗೆ ಹಿಂದುಸ್ತಾನಿ ಅಂತ ಹೆಸರು ಬದಲಾಯಿಸಿದ್ರು. ದ್ರಾವಿಡರದ್ದು ನೀರಿನ ಮ್ಯಾಲ ಜೋರು, ಕಾಲಾಳು ಚಲೋ, ಆದ್ರ ನೈಟ್ ಇಲ್ಲ. ಬೈಲಿನ ಮ್ಯಾಪಿನಾಗ ಹೊಸಬ್ರಿಗೆ ಗಟ್ಟಿ ಕುದುರಿ ಇಲ್ಲದ ಆಟ ತ್ರಾಸ ಆಗ್ತದ. ಕಲಿಯೋ ತನಕ ಫ್ರಾಂಕ್ಸ್ ತಗೋ. ಅವರಿಗೆ ಬೆರ್ರಿ ಲಗೂ ಆಗ್ತದ, ಹೊಲದ ಸುಧಾರಣಿ ಎಲ್ಲಾ ಪುಕ್ಕಟ, ಕುದುರಿ ಗಟ್ಟಿ. ಮರೆತು ಹೋಗೋ ಕೆಲಸ ಅರ್ಧ ಕಡಿಮಿ ಆಗ್ತದ.

ಕೊಪ್ಪಳ_ಕೋಟೆ

ಫ್ರಾಂಕ್ಸ್‌ನಾಗ ಕಲಿ, ಆದ್ರ ದ್ರಾವಿಡರನ್ನ ಬಿಡಬ್ಯಾಡ ತಮ್ಮಾ. ಅವರಿಗೆ ವೂಟ್ಜ್ ಸ್ಟೀಲ್ ಅಂತ ಒಂದು ವಿದ್ಯೆ ಕೊಟ್ಟಾರ ನೋಡು, ಅದನ್ನ ಮಾಡಿದ್ರ ಕಾಲಾಳಿನ ಏಟಿಗೆ ವೈರಿ ಕವಚ ಲೆಕ್ಕಕ್ಕ ಬರಂಗಿಲ್ಲ. ಆ ವೂಟ್ಜ್ ಅನ್ನೋದು ನಮ್ಮ ಉಕ್ಕು ಅನ್ನೋ ಮಾತ ಇಂಗ್ಲಿಷ್‌ನೋರ ಕೈಯಾಗ ಸಿಕ್ಕು ಹಂಗ ಆಗೇತಿ ಅಂತ ತಿಳದೋರು ಹೇಳ್ತಾರ. ಸಂಡೂರು ಗುಡ್ಡದ ಅದಿರು, ತೋರಣಗಲ್ಲಿನ ಫ್ಯಾಕ್ಟ್ರಿ ನೋಡ್ಕೋತ ಬೆಳೆದೋರು ನಾವು, ಆ ಹೆಸರನ್ನ ಗೇಮ್‌ನಾಗ ಮೊದಲ ಸಲ ಓದಿದಾಗ ಮೈ ಜುಂ ಅಂದಿತ್ತು.

ನಮ್ಮ ನೆಲಾನೂ ಹಂಗ ಐತಿ. ರಾಯಚೂರು ಕೋಟಿಗಾಗಿ 1520ರಾಗ ಕೃಷ್ಣದೇವರಾಯ ಮತ್ತ ಇಸ್ಮಾಯಿಲ್ ಆದಿಲ್‌ಶಾಹ ಬಡದಾಡಿದ್ರು. ಎರಡು ನದಿ ನಡುವಿನ ದೋಆಬ್ ಅಂತ ಅದಕ್ಕ ಅಷ್ಟು ಜಗಳ, ಯಾಕಂದ್ರ ಇಲ್ಲಿ ಬೆಳಿ ಐತಿ, ಬೆಳಿ ಇದ್ದಲ್ಲಿ ದಂಡಿಗೆ ಊಟ ಐತಿ. ಮೇಸ್ತ್ರಿ ಅಣ್ಣಾರು ಟೌನ್ ಸೆಂಟರ್ ಅಂತ ಹೇಳಿದ್ದೂ ಅದನ್ನ.

ಜೀನ್ಸ್_ಮೇಸ್ತ್ರಿ

ಕೋಟೆ ಅಣ್ಣ, ಇದನ್ನ ನಾನು ಯೋಚನೇನೇ ಮಾಡಿರಲಿಲ್ಲ. ನಾಳೆ ಹುಡುಗರಿಗೆ ಹೇಳ್ತೀನಿ.

ಸಿಂಧನೂರು_ಕ್ಯಾಂಪ್ (ಮೂರು ವಾರದ ನಂತರ)

ಗೆದ್ದೆ ರೀ!! ಮಾಡರೇಟ್, ಫ್ರಾಂಕ್ಸ್, ಕ್ಯಾಶುವಲ್ ಸ್ಪೀಡ್, ಅಂದ್ರ 1.5. ರಾತ್ರಿ ಹನ್ನೆರಡೂವರೆ ಆಗಿತ್ತು, ಜೋರಾಗಿ ಕೂಗಿಬಿಟ್ಟೆ, ಅಪ್ಪ ಎದ್ದು ಬಂದ್ರು.

ಹೆಂಗಾತು ಅಂದ್ರ, ಹತ್ತು ನಿಮಿಷಕ್ಕ 22 ವಿಲೇಜರ್, ಮುಂದಿನ ಹಂತ ಫ್ಯೂಡಲ್ ಏಜಿಗೆ 500 ಆಹಾರ ಕೂಡೇ ಇತ್ತು, ಒತ್ತಿದೆ. ಅದು ಆಗೋ 130 ಸೆಕೆಂಡಿನಾಗ ಟೌನ್ ಸೆಂಟರ್ ಬ್ಯಾರೆ ಕೆಲಸ ಮಾಡಂಗಿಲ್ಲಲ್ಲ, ಅಷ್ಟೊತ್ತು ಕುದುರಿಯವನ್ನ ನೋಡ್ಕೊಂಡೆ, ವೈರಿ ಊರಿಗೆ ಕಳಸಿದೆ. ಎರಡು ಆರ್ಚರಿ ರೇಂಜ್ ಕಾಣಿಸಿದ್ವು. ಅಕ್ಕಾ, ಗೋಡಿ ಮ್ಯಾಲಿನ ಚೀಟಿ ನೋಡಿದೆ, ಬಿಲ್ಲಿಗೆ ಸ್ಕರ್ಮಿಷರ್. ನಾನೂ ಎರಡು ರೇಂಜ್ ಕಟ್ಟಿದೆ, ಹನ್ನೆರಡು ಜನ ಮಾಡಿ ಕಟ್ಟಿಗಿ ಕಡಿಯೋರ ಬಾಜೂಕ ನಿಲ್ಲಿಸಿದೆ. 17ನೇ ನಿಮಿಷಕ್ಕ ಹತ್ತು ಜನ ಬಿಲ್ಲಿನವ್ರು ಬಂದ್ರು. ಮೊದಲಿನಂಗ ಗಾಬರಿ ಆಗ್ಲಿಲ್ಲ, ಯಾಕಂದ್ರ ಬರ್ತಾರಂತ ಗೊತ್ತಿತ್ತು. ಕಂಟ್ರೋಲ್ ಒಂದು ಅಂತ ಗುಂಪು ಮಾಡಿದ್ದೆ, ಒಂದು ಒತ್ತಿ ಕಳಸಿದೆ, ಅವರು ಬಾಣ ಬಿಡ್ತಿದ್ರು ನಾನು ಎಚ್ ಕ್ಯೂ ಒತ್ತಲಿಕತ್ತಿದ್ದೆ, ಯುದ್ಧದ ನಡುವೇನೂ ಊರಾಗ ವಿಲೇಜರ್ ಹುಟ್ಟಿದ. ನನ್ನವ್ರು ಮೂರು ಜನ ಸತ್ರು, ಅವರು ಹತ್ತೂ ಜನ.

ಅದರ ಮುಂದಿನ ಹಂತ ಕ್ಯಾಸಲ್ ಏಜ್ 24ನೇ ನಿಮಿಷಕ್ಕ. ಆಮ್ಯಾಲ ನೈಟ್ ಮಾಡಿದೆ, ಸೀಜ್ ವರ್ಕ್‌ಶಾಪ್ ಕಟ್ಟಿ ಕಟ್ಟಡ ಗುದ್ದಿ ಕೆಡವೋ ನಾಲ್ಕು ರ‍್ಯಾಮ್ ಮಾಡಿದೆ. ರ‍್ಯಾಮ್‌ಗೆ ಬಾಣ ಹೆಚ್ಚೇನೂ ಮಾಡಂಗಿಲ್ಲ ಅಂತ ನನಗ ಗೊತ್ತಿದ್ದಿಲ್ಲ, ಅವರ ಟೌನ್ ಸೆಂಟರ್ ಬಾಣ ಸುರೀತಿತ್ತು, ರ‍್ಯಾಮ್ ಹಂಗೇ ಮೆಲ್ಲಕ ಹೋಗಿ ಬಡೀಲಿಕತ್ವು. 51ನೇ ನಿಮಿಷಕ್ಕ ಕಂಪ್ಯೂಟರ್ ತಾನೇ ಸೋತೆ ಅಂತು.

ಅಪ್ಪಗ ನೋಟ್‌ಬುಕ್ ತೋರಿಸಿದೆ. ಮೊದಲ ದಿನದ 14, ಇವತ್ತಿನ 22. ಅವರು ಗೇಮ್ ನೋಡ್ಲಿಲ್ಲ, ಲೆಕ್ಕ ನೋಡಿ, ಬುಧವಾರ ಯಾಕ ಬರದಿಲ್ಲ ಅಂದ್ರು.

ಗಂಗಾವತಿ_ಟೀಚರ್

ತಮ್ಮಾ ಓದಿ ಕಣ್ಣಾಗ ನೀರು ಬಂತು. ಯುದ್ಧದ ನಡುವ ಎಚ್ ಕ್ಯೂ ಒತ್ತಿದಿ ಅಂದ್ರ ನಿನಗ ಆಟ ಬಂತು ಅಂತ ಅರ್ಥ, ಗೆದ್ದಿದ್ದಕ್ಕಿಂತ ನನಗ ಅದ ಖುಷಿ.

ರಾಯಚೂರು_ಬಿಸಿಲು

ಭಾರಿ ಆತು! ಟೀಚರ್ ಹೇಳಿದ್ದೇ ಸರಿ ಅಂತ ಒಪ್ಪೀನಿ, ಸ್ಲೋ ಇಟ್ಟು ಕಲತಿದ್ದಕ್ಕೇ ಇಷ್ಟು ಲಗೂ ಬಂತು, ನನಗ ಎರಡು ವರ್ಷ ಹಿಡದಿತ್ತು. ಈಗ ಮನುಷ್ಯಾರ ಜೋಡಿ ಆಡು. ರ‍್ಯಾಂಕ್ಡ್ ಆಮ್ಯಾಲ ನೋಡೋಣ, ಮೊದಲು ನಾವೇ ಆಡೋಣ. ಆ ಆಟದ ರೆಕಾರ್ಡ್ ಇಟ್ಕೊಂಡಿದ್ರ ಕಳಸು, 24ರಿಂದ 35ರ ತನಕ ಏನು ಮಾಡಿದಿ ನೋಡಬೇಕು, ಅಲ್ಲಿ ಒಂದಿಷ್ಟು ಟೈಮ್ ಉಳಿಸಬಹುದು ಅನಸ್ತದ.

ಜೀನ್ಸ್_ಮೇಸ್ತ್ರಿ

ಭಾನುವಾರ ಯೂನಿಟ್ ರಜಾ. ರಾತ್ರಿ ಒಂಬತ್ತಕ್ಕೆ ನಾನು ಮತ್ತೆ ತಮ್ಮ ಒಂದು ಕಡೆ, ಬಿಸಿಲು ಮತ್ತೆ ಟೀಚರಮ್ಮ ಒಂದು ಕಡೆ. ಕೋಟೆ ಅಣ್ಣ ನೀವು ನೋಡಾಕೆ ಬರ್ರಿ, ಇಷ್ಟ ಆದ್ರೆ ಮುಂದಿನ ವಾರ ಎಲ್ಲಾರೂ 0 ಎ.ಡಿ. ಹಾಕ್ಕೊಂಡು ನಿಮ್ಮ ಮೌರ್ಯರ ಜೊತೆ ಆಡ್ತೀವಿ.

ಕೊಪ್ಪಳ_ಕೋಟೆ

ಬರ್ತೀನಿ. ಮೌರ್ಯರ ಮಾತು ಮರೀಬ್ಯಾಡ್ರಿ.

ಸಿಂಧನೂರು_ಕ್ಯಾಂಪ್

ಅಣ್ಣಾ ಒಂಬತ್ತಕ್ಕ ಇರ್ತೀನಿ. ಸುಗ್ಗಿ ಟೈಮ್ ಅದ, ಮಿಲ್‌ನಾಗ ಲಾರಿ ಜಾಸ್ತಿ ಬಂದ್ರ ಹತ್ತು ನಿಮಿಷ ತಡ ಆಗಬಹುದು, ನಾ ಬರೋ ತನಕ ಶುರು ಮಾಡಬ್ಯಾಡ್ರಿ.